ಸಬ್‌ಟೈಟಲ್ ಜಾಗದಲ್ಲಿ ಚೌಕಗಳೇಕೆ?

ಕಂಪ್ಯೂಟರಿನಲ್ಲಿ ಸರಿಯಾಗಿ ಓದಲು ಬರುತ್ತಿದ್ದ ಕನ್ನಡ ಸಬ್‌ಟೈಟಲ್, ಅದೇ ಪೆನ್‌ಡ್ರೈವನ್ನು ಟಿವಿಗೋ ಹಳೆಯ ಡಿವಿಡಿ ಪ್ಲೇಯರಿಗೋ ಸಿಕ್ಕಿಸಿದ ಕೂಡಲೇ ಖಾಲಿ ಚೌಕಗಳ ಸಾಲಾಗಿಬಿಡುತ್ತದೆ. ಸಿನಿಮಾ ಓಡುತ್ತದೆ, ಧ್ವನಿ ಸರಿಯಿದೆ, ಇಂಗ್ಲಿಷ್ ಸಬ್‌ಟೈಟಲ್ ಹಾಕಿದರೆ ಅದೂ ಬರುತ್ತದೆ. ಕನ್ನಡಕ್ಕೆ ಮಾತ್ರ ಈ ಗತಿ. ಫೈಲೇ ಕೆಟ್ಟಿದೆ ಅಂದುಕೊಂಡು ಇನ್ನೊಂದನ್ನು ಹುಡುಕಿ ಇಳಿಸಿಕೊಳ್ಳುವವರಿದ್ದಾರೆ, ಪ್ಲೇಯರನ್ನು ರಿಪೇರಿಗೆ ಒಯ್ಯುವವರೂ ಇದ್ದಾರೆ. ಎರಡೂ ಸಾಮಾನ್ಯವಾಗಿ ದಂಡ.

ಮನೆಯ ಪ್ಲೇಯರುಗಳಿಗೆ ಸಬ್‌ಟೈಟಲ್ ಬರುವುದು ಎರಡು ರೂಪದಲ್ಲಿ, ಒಂದೋ ಚಿತ್ರವಾಗಿ ಇಲ್ಲವೇ ಅಕ್ಷರವಾಗಿ. 1996ರ ಕೊನೆಯಲ್ಲಿ ಜಪಾನಿನ ಅಂಗಡಿಗಳಿಗೆ ಬಂದ ಡಿವಿಡಿ ಮೊದಲನೆಯದನ್ನು ಆರಿಸಿಕೊಂಡಿತು. ಡಿವಿಡಿಯ ಸಬ್‌ಟೈಟಲಿನಲ್ಲಿ ಅಕ್ಷರ ಅನ್ನುವುದೇ ಇಲ್ಲ. ಪ್ರತಿ ಸಾಲನ್ನೂ ತಯಾರಕರು ಮೊದಲೇ ಚಿತ್ರವಾಗಿ ಮಾಡಿ ತಟ್ಟೆಯಲ್ಲಿ ತುಂಬಿರುತ್ತಾರೆ. ಹದಿನಾರು ಬಣ್ಣಗಳ ಪಟ್ಟಿಯಿಂದ ಒಂದು ಸಲಕ್ಕೆ ನಾಲ್ಕನ್ನು ಮಾತ್ರ ಬಳಸುವ, ಅಂಚು ಸ್ವಲ್ಪ ಒರಟಾದ ಚಿತ್ರ ಅದು. ಪ್ಲೇಯರ್ ಮಾಡುವುದಿಷ್ಟೇ: ಹೇಳಿದ ಹೊತ್ತಿಗೆ ಅದನ್ನು ದೃಶ್ಯದ ಮೇಲೆ ಇಡುವುದು, ಹೇಳಿದ ಹೊತ್ತಿಗೆ ತೆಗೆಯುವುದು. ಒಂದು ಡಿವಿಡಿಯಲ್ಲಿ 32 ಸಬ್‌ಟೈಟಲ್ ಟ್ರ್ಯಾಕುಗಳ ತನಕ ಇರಬಹುದು, ಅವುಗಳಲ್ಲಿ ಯಾವ ಲಿಪಿ ಇದ್ದರೂ ಪ್ಲೇಯರಿಗೆ ಒಂದೇ. ಬ್ಲೂ-ರೇ ಕೂಡ ಇದೇ ದಾರಿ ಹಿಡಿಯಿತು, ಬಣ್ಣ 256ಕ್ಕೆ ಏರಿ ಅಂಚು ನುಣುಪಾಯಿತು. ಅದಕ್ಕೂ ಹಿಂದಿನ ವಿಸಿಡಿಯಲ್ಲಿ ಪ್ರತ್ಯೇಕ ಟ್ರ್ಯಾಕ್ ಇರಲಿಲ್ಲ. ಸಾಲುಗಳು ದೃಶ್ಯದಲ್ಲೇ ಅಚ್ಚಾಗಿರುತ್ತಿದ್ದವು, ಬೇಡವೆಂದರೂ ಹೋಗುತ್ತಿರಲಿಲ್ಲ.

ಎರಡನೆಯ ರೂಪ ಬಂದದ್ದು ಪಕ್ಕದ ಬಾಗಿಲಿನಿಂದ. ಡಿವಿಡಿಯ ಸಬ್‌ಟೈಟಲ್ ಚಿತ್ರಗಳನ್ನು ಓದಿ ಅಕ್ಷರಗಳಾಗಿ ಬದಲಾಯಿಸುವ 'ಸಬ್‌ರಿಪ್' ಎಂಬ ತಂತ್ರಾಂಶವಿತ್ತು. ಅದು ಉಳಿಸುತ್ತಿದ್ದ ಸರಳ ಪಠ್ಯದ ಫೈಲೇ ಇವತ್ತಿನ ಎಸ್‌ಆರ್‌ಟಿ. 2000ದ ದಶಕದಲ್ಲಿ ಡಿವ್ಎಕ್ಸ್ ಬಗೆಯ ವಿಡಿಯೊ ಫೈಲನ್ನೂ ಓಡಿಸುವ ಡಿವಿಡಿ ಪ್ಲೇಯರುಗಳು ಬಂದವು, ಆಮೇಲೆ ಅವುಗಳ ಮೂತಿಗೆ ಯುಎಸ್‌ಬಿ ಕಿಂಡಿ ಬಂತು, ಕೊನೆಗೆ ಟಿವಿಯೇ ಪ್ಲೇಯರಾಯಿತು. ಎಲ್ಲವೂ ಎಸ್‌ಆರ್‌ಟಿಯನ್ನು ಒಪ್ಪಿಕೊಂಡವು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಕಾಣುವುದು ಹೀಗೆ:

12
00:01:12,500 --> 00:01:15,000
ಊಟ ಆಯ್ತಾ ಅಜ್ಜಿ?

ಕ್ರಮಸಂಖ್ಯೆ, ಸಾಲು ಬರುವ ಮತ್ತು ಹೋಗುವ ಹೊತ್ತು, ಮಾತು, ಕೆಳಗೊಂದು ಖಾಲಿ ಸಾಲು. ಸೆಕೆಂಡಾದ ಮೇಲೆ ಇರುವುದು ಚುಕ್ಕೆಯಲ್ಲ, ಅಲ್ಪವಿರಾಮ. ಸಮಯದ ಸಾಲಿನಲ್ಲಿ ಕನ್ನಡ ಅಂಕಿ ಹಾಕಿದರೆ ಪ್ಲೇಯರ್ ಓದುವುದಿಲ್ಲ. ವರ್ಡ್‌ನಲ್ಲಿ ಟೈಪ್ ಮಾಡಿದರೆ ಎರಡು ಗೀಟು ಮತ್ತು ಮೊನೆ ಸೇರಿ ತಾನಾಗಿಯೇ ಒಂದು ಬಾಣವಾಗಿಬಿಡುತ್ತದೆ, ಆಮೇಲೆ ಒಂದು ಸಾಲೂ ತೆರೆಗೆ ಬರುವುದಿಲ್ಲ. ನೋಟ್‌ಪ್ಯಾಡೇ ವಾಸಿ. ಫೈಲಿನ ಹೆಸರು ಸಿನಿಮಾ ಫೈಲಿನ ಹೆಸರೇ ಆಗಿರಬೇಕು, ಎರಡೂ ಒಂದೇ ಫೋಲ್ಡರಿನಲ್ಲಿರಬೇಕು. ಹೆಸರಿನಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಹಲವು ಪ್ಲೇಯರುಗಳು ಸಬ್‌ಟೈಟಲೇ ಇಲ್ಲ ಅನ್ನುತ್ತವೆ.

ಇಲ್ಲಿಂದ ಮುಂದೆ ಪ್ಲೇಯರಿನ ಕೆಲಸ ಹೆಚ್ಚುತ್ತದೆ. ಡಿವಿಡಿಯ ಕಾಲದಲ್ಲಿ ತಯಾರಕರು ಮಾಡಿಟ್ಟಿದ್ದ ಅಕ್ಷರ ಬಿಡಿಸುವ ಕೆಲಸವೆಲ್ಲ ಈಗ ಅದರ ತಲೆಗೆ ಬಂದಿದೆ. ಮೊದಲು ಬೈಟುಗಳನ್ನು ಓದಿ ಇವು ಯಾವ ಅಕ್ಷರ ಎಂದು ತಿಳಿಯಬೇಕು, ಆ ಅಕ್ಷರದ ಆಕಾರವಿರುವ ಫಾಂಟ್ ತನ್ನಲ್ಲಿರಬೇಕು, ಕಡೆಗೆ ಒತ್ತು, ಗುಣಿತ ಸೇರಿಸಿ ಜೋಡಿಸಬೇಕು. ಕೆಲಸ ಎಲ್ಲಿ ನಿಂತಿತು ಅನ್ನುವುದನ್ನು ತೆರೆಯ ಮೇಲಿನ ಕೆಡುಕೇ ಹೇಳುತ್ತದೆ.

ಖಾಲಿ ಚೌಕ ಬಂದರೆ ಫಾಂಟ್ ಇಲ್ಲ ಎಂದರ್ಥ. ಅಕ್ಷರ ಯಾವುದೆಂದು ಪ್ಲೇಯರಿಗೆ ತಿಳಿದಿದೆ, ಬರೆಯಲು ಆಕಾರವಿಲ್ಲ. ಚೌಕದ ಬದಲು, ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ ಸಣ್ಣ 'ಎ', ಅದರ ಪಕ್ಕ ಮೇಲಕ್ಕೇರಿದ ಪುಟಾಣಿ 2 ಅಥವಾ 3, ಮತ್ತೆ ಇನ್ನೇನೋ ಒಂದು ಚಿಹ್ನೆ, ಇದೇ ಮೂರು ಮೂರಾಗಿ ಸಾಲಿನ ತುಂಬ ಕಂಡರೆ ಕಾಯಿಲೆ ಬೇರೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟು. ಮೊದಲಿನದು ಎಲ್ಲಕ್ಕೂ ಒಂದೇ, ಎರಡನೆಯದರಲ್ಲಿ ಎರಡೇ ಬಗೆ. ಫೈಲ್ ಪಶ್ಚಿಮ ಯುರೋಪಿನ ಭಾಷೆಯದ್ದು ಎಂದು ತಿಳಿದ ಪ್ಲೇಯರ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ಓದಿಬಿಟ್ಟಿದೆ. ನೋಟ್‌ಪ್ಯಾಡಿನ 'ಸೇವ್ ಆ್ಯಸ್' ಪೆಟ್ಟಿಗೆಯಲ್ಲಿ ಎನ್‌ಕೋಡಿಂಗ್ ಎಂಬ ಪಟ್ಟಿ ಇರುತ್ತದೆ. ಅಲ್ಲಿ 'ಯುಟಿಎಫ್-8 ವಿತ್ ಬಿಒಎಂ' ಆರಿಸಿ ಉಳಿಸಿ ನೋಡಿ. ಫೈಲಿನ ನೆತ್ತಿಯಲ್ಲಿ ಬೀಳುವ ಆ ಗುರುತನ್ನು ಕಂಡು ಕೆಲವು ಪ್ಲೇಯರುಗಳು ಸರಿದಾರಿಗೆ ಬರುತ್ತವೆ. ಅದೇ ಪಟ್ಟಿಯಲ್ಲಿರುವ 'ಆನ್ಸಿ'ಯನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲದೆ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಫೈಲ್ ಮುಚ್ಚಿದ ಮೇಲೆ ಮರಳಿ ಪಡೆಯುವ ದಾರಿಯಿಲ್ಲ.

'ನುಡಿ' ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ ಫೈಲುಗಳದು ಇನ್ನೊಂದು ಕತೆ. ಅಲ್ಲಿ ಕನ್ನಡ ಕಾಣುತ್ತಿದ್ದುದು ಫಾಂಟಿನ ಉಪಾಯದಿಂದ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಥದ್ದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳದೆ ಬೇರೆ ಗತಿಯಿಲ್ಲ.

ನನಗೆ ಹೆಚ್ಚು ಸಿಟ್ಟು ತರಿಸುವುದು ನಾಲ್ಕನೆಯ ಬಗೆ: ಕನ್ನಡ ಬಂದಿದೆ, ಆದರೆ ಮುರಿದು ಬಂದಿದೆ. 'ಸೂರ್ಯ'ವನ್ನೇ ನೋಡಿ. ಫೈಲಿನಲ್ಲಿ ಅದು ಐದು ಸಂಕೇತ: ಸ, ಊಕಾರದ ಕೊಂಬು, ರ, ಹಲಂತ, ಯ. ಹದಿನೈದು ಬೈಟು. ರ ಮತ್ತು ಹಲಂತ ಸೇರಿ ಅರ್ಕಾವೊತ್ತಾಗಿ ಯ ಅಕ್ಷರದ ಬಲಕ್ಕೆ ಹೋಗಿ ಕೂರಬೇಕು, ಅಂದರೆ ಬರೆದ ಕ್ರಮ ಒಂದು, ಕಾಣಬೇಕಾದ ಕ್ರಮ ಇನ್ನೊಂದು. ಇದನ್ನು ಮಾಡುವ ತಂತ್ರಾಂಶದ ಭಾಗ ಪ್ಲೇಯರಿನಲ್ಲಿ ಇಲ್ಲದಿದ್ದರೆ 'ಸೂರ್‌ಯ' ಎಂದು ಬರುತ್ತದೆ, 'ಅಮ್ಮ' ಹೋಗಿ 'ಅಮ್‌ಮ' ಆಗುತ್ತದೆ. ಒಂದೆರಡು ಪದವಾದರೆ ಊಹಿಸಬಹುದು. ಎರಡು ಸೆಕೆಂಡಿನಲ್ಲಿ ಮಾಯವಾಗುವ ಸಾಲನ್ನು ಹೀಗೆ ಓದುತ್ತ ಸಿನಿಮಾ ನೋಡುವುದು ಆಗದ ಮಾತು. ಕೆಲವೊಮ್ಮೆ ಜೋಡಣೆ ಸರಿಯಿದ್ದರೂ ಸಾಲಿನ ಎತ್ತರವನ್ನು ಇಂಗ್ಲಿಷಿಗೆ ತಕ್ಕಂತೆ ಇಟ್ಟಿರುತ್ತಾರೆ. ಆಗ 'ಸ್ತ್ರೀ'ಯ ಕೆಳಗಿನ ಒತ್ತುಗಳು ಕತ್ತರಿಸಿ ಹೋಗುತ್ತವೆ.

ಹಳೆಯ ಡಿವಿಡಿ ಪ್ಲೇಯರುಗಳ ಸೆಟಪ್ ಮೆನುವಿನಲ್ಲಿ ಇನ್ನೊಂದು ಮೋಜಿದೆ. ಪಟ್ಟಿಯಲ್ಲಿಲ್ಲದ ಭಾಷೆ ಬೇಕಾದರೆ ನಾಲ್ಕಂಕಿಯ ಸಂಕೇತ ಕೊಡಿ ಎನ್ನುವ ಮಾದರಿಗಳಲ್ಲಿ ಕನ್ನಡದ ಸಂಖ್ಯೆ 7578 ಎಂದಿರುವುದುಂಟು. ಕನ್ನಡದ ಅಂತರರಾಷ್ಟ್ರೀಯ ಗುರುತಾದ 'ಕೆ' ಮತ್ತು 'ಎನ್' ಅಕ್ಷರಗಳ ಆಸ್ಕಿ ಸಂಖ್ಯೆಗಳು 75 ಮತ್ತು 78. ಕೈಪಿಡಿಯಲ್ಲಿ ಕನ್ನಡದ ಹೆಸರು ನೋಡಿ ಹಿಗ್ಗಬೇಕಾಗಿಲ್ಲ. ತಟ್ಟೆಯಲ್ಲಿ ಕನ್ನಡದ ಟ್ರ್ಯಾಕ್ ಇದ್ದರೆ ಅದನ್ನು ಆರಿಸಿಕೊಳ್ಳಲು ಮಾತ್ರ ಆ ಸಂಖ್ಯೆ. ಪೆನ್‌ಡ್ರೈವಿನ ಎಸ್‌ಆರ್‌ಟಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಮಾಡುವುದೇನು? ಆಂಡ್ರಾಯ್ಡ್ ಟಿವಿಯಾದರೆ ಅದರ ಜೊತೆಗೇ ಬಂದ ಪ್ಲೇಯರನ್ನು ಬಿಟ್ಟು ವಿಎಲ್‌ಸಿ ಅಥವಾ ಕೋಡಿ ಹಾಕಿಕೊಂಡು ನೋಡುವುದು ಮೊದಲ ಉಪಾಯ, ದುಡ್ಡೂ ಖರ್ಚಿಲ್ಲ. ಟಿವಿಯ ಉಳಿದ ಆ್ಯಪುಗಳಲ್ಲಿ ಕನ್ನಡ ಚೆನ್ನಾಗಿ ಕಂಡಿತೆಂದು ಯುಎಸ್‌ಬಿ ಪ್ಲೇಯರಿನಲ್ಲೂ ಕಾಣಬೇಕೆಂದಿಲ್ಲ, ಎರಡರ ಅಕ್ಷರ ಬಿಡಿಸುವ ವ್ಯವಸ್ಥೆ ಬೇರೆ ಬೇರೆ ಇರಬಹುದು.

ಹೊಸ ಆ್ಯಪ್ ಹಾಕಲಾಗದ ಟಿವಿಯಾದರೆ ಡಿವಿಡಿಯ ಹಳೆಯ ಉಪಾಯಕ್ಕೇ ಮರಳಬೇಕು, ಅಂದರೆ ಅಕ್ಷರವನ್ನು ಮೊದಲೇ ಚಿತ್ರ ಮಾಡುವುದು. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಸಬ್‌ಟೈಟಲ್ ಎಡಿಟ್ ಎಂಬ ತಂತ್ರಾಂಶ ಎಸ್‌ಆರ್‌ಟಿಯನ್ನು ನಿಮಗೆ ಬೇಕಾದ ಕನ್ನಡ ಫಾಂಟಿನಲ್ಲಿ ಬರೆದು, ಡಿವಿಡಿಯ ಬಗೆಯ ಚಿತ್ರ ಸಬ್‌ಟೈಟಲಾಗಿ ಉಳಿಸಿಕೊಡುತ್ತದೆ. ಅದನ್ನು ಎಂಕೆವಿಟೂಲ್‌ನಿಕ್ಸ್‌ನಲ್ಲಿ ಸಿನಿಮಾದ ಜೊತೆ ಒಂದೇ ಎಂಕೆವಿ ಫೈಲಾಗಿ ಕಟ್ಟಬಹುದು. ಸಿನಿಮಾವನ್ನು ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ, ಹಾಗಾಗಿ ಕೆಲಸ ಬೇಗ ಮುಗಿಯುತ್ತದೆ, ಗುಣಮಟ್ಟವೂ ಇಳಿಯುವುದಿಲ್ಲ. ಆದರೆ ಎಂಕೆವಿಯೊಳಗಿನ ಚಿತ್ರ ಸಬ್‌ಟೈಟಲನ್ನು ಎಲ್ಲ ಟಿವಿಗಳೂ ತೋರಿಸುವುದಿಲ್ಲ. ಐದು ನಿಮಿಷದ ತುಣುಕಿನಲ್ಲಿ ಮೊದಲು ಪರೀಕ್ಷಿಸಿ. ಪೆನ್‌ಡ್ರೈವ್ ಎಫ್‌ಎಟಿ-32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಅದರಲ್ಲಿ ಹಿಡಿಯುವುದಿಲ್ಲ ಅನ್ನುವುದೂ ನೆನಪಿರಲಿ.

ಏನೂ ಸಾಗದಿದ್ದರೆ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಸಬ್‌ಟೈಟಲನ್ನು ದೃಶ್ಯಕ್ಕೇ ಅಚ್ಚು ಹಾಕಿಸುವುದು. ಇದಕ್ಕೆ ಹೊತ್ತು ಹಿಡಿಯುತ್ತದೆ, ಚಿತ್ರದ ಗುಣಮಟ್ಟ ಕೊಂಚ ಇಳಿಯುತ್ತದೆ, ಒಮ್ಮೆ ಹಾಕಿದ್ದನ್ನು ತೆಗೆಯಲಾಗದು. ಆದರೆ ವಿಡಿಯೊ ಓಡಿಸಬಲ್ಲ ಯಾವ ಡಬ್ಬಿಯಲ್ಲಾದರೂ ಕಾಣುತ್ತದೆ. ಕಿವಿ ಮಂದವಾದ ಹಿರಿಯರಿಗೆಂದು ನಾಲ್ಕೈದು ಸಿನಿಮಾ ತಯಾರು ಮಾಡಿಕೊಡುವುದಾದರೆ ನಾನು ಇದನ್ನೇ ಸೂಚಿಸುತ್ತೇನೆ. ರಿಮೋಟ್ ಹಿಡಿದು ಮೆನು ಹುಡುಕುವ ಕಷ್ಟ ಅವರಿಗಿರುವುದಿಲ್ಲ.

ಮಾತಿಗೂ ಸಾಲಿಗೂ ಹೊಂದದಿರುವುದು ಲಿಪಿಗೆ ಸಂಬಂಧಿಸದ ತೊಂದರೆ. ಮೊದಲಿನಿಂದ ಕೊನೆಯ ತನಕ ಒಂದೇ ಅಂತರವಿದ್ದರೆ ಸುಲಭ. ಕಂಪ್ಯೂಟರಿನ ವಿಎಲ್‌ಸಿಯಲ್ಲಿ 'ಜಿ' ಮತ್ತು 'ಎಚ್' ಕೀಲಿಗಳಿಂದ ಹಿಂದೆಮುಂದೆ ಮಾಡಿ ಎಷ್ಟು ಸರಿಸಬೇಕೆಂದು ತಿಳಿದುಕೊಂಡು, ಫೈಲಿನಲ್ಲೇ ಅಷ್ಟು ಸರಿಸಿ ಉಳಿಸಬಹುದು. ಸಿನಿಮಾ ಮುಂದುವರಿದಂತೆ ಅಂತರ ಬೆಳೆಯುತ್ತಿದ್ದರೆ ಫ್ರೇಮಿನ ಲೆಕ್ಕ ತಪ್ಪಿದೆ. ಸೆಕೆಂಡಿಗೆ 24 ಫ್ರೇಮಿನಂತೆ ತೆಗೆದ ಸಿನಿಮಾವನ್ನು ಪಾಲ್ ಟಿವಿ ಪದ್ಧತಿಯ ದೇಶಗಳಲ್ಲಿ 25ರ ವೇಗದಲ್ಲಿ ಓಡಿಸುವ ರೂಢಿಯಿದೆ. ನಿಧಾನದ ಪ್ರತಿಗೆ ಬರೆದ ಸಬ್‌ಟೈಟಲನ್ನು ಈ ವೇಗದ ಪ್ರತಿಗೆ ಹಾಕಿದರೆ ಒಂದು ಗಂಟೆಯ ಹೊತ್ತಿಗೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿದ್ದಿರುತ್ತದೆ. ಇದಕ್ಕೆ ಸರಿಸುವುದು ಮದ್ದಲ್ಲ. ಸಬ್‌ಟೈಟಲ್ ಎಡಿಟ್‌ನಲ್ಲಿ ಫ್ರೇಮ್ ದರ ಬದಲಿಸುವ ಆಯ್ಕೆಯನ್ನು ಬಳಸಬೇಕು.

ಹೊಸ ಟಿವಿ ಅಥವಾ ಪ್ಲೇಯರ್ ಕೊಳ್ಳುವವರು ಡಬ್ಬಿಯ ಮೇಲಿನ 'ಸಬ್‌ಟೈಟಲ್ ಸಪೋರ್ಟ್' ಎಂಬ ಸಾಲನ್ನು ನಂಬಿ ಹಣ ಕೊಡಬೇಡಿ. ಅದು ಯಾವ ಲಿಪಿಯ ಮಾತನ್ನೂ ಆಡುವುದಿಲ್ಲ. ಒಂದು ಚಿಕ್ಕ ವಿಡಿಯೊ, ಅದೇ ಹೆಸರಿನ ಎಸ್‌ಆರ್‌ಟಿ, ಅದರಲ್ಲಿ 'ಸೂರ್ಯ', 'ಅಕ್ಷರ', 'ಕೃಷ್ಣ', 'ಸ್ತ್ರೀ', 'ಕೊಂಡೊಯ್ದ' ಇಷ್ಟು ಪದ ತುಂಬಿಕೊಂಡ ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಡೆಮೊಗೆ ಇಟ್ಟ ಸೆಟ್ಟಿಗೆ ಸಿಕ್ಕಿಸಿ ಓಡಿಸಲು ಅಂಗಡಿಯವರು ಬೇಡ ಅನ್ನುವುದಿಲ್ಲ, ಅಂದರೆ ಮುಂದಿನ ಅಂಗಡಿ ಇದ್ದೇ ಇದೆ.