ಬಡತನದ ಕಾರಣ ಕೇಳಿದ ಟಾಟಾ

ರತನ್ ಟಾಟಾ ಎಂದೊಡನೆ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಉದ್ಯಮಿಯ ಮುಖವೇ ಕಣ್ಣಮುಂದೆ ಬರುತ್ತದೆ. ಅದೇ ಹೆಸರಿನ ಇನ್ನೊಬ್ಬರಿದ್ದರು. ಟಾಟಾ ಸಮೂಹದ ಸ್ಥಾಪಕ ಜಮ್ಶೆಟ್‌ಜಿಯವರ ಕಿರಿಯ ಮಗ ಸರ್ ರತನ್ ಟಾಟಾ, 1871ರಲ್ಲಿ ಹುಟ್ಟಿ 47ನೇ ವಯಸ್ಸಿಗೇ ಹೋದವರು. ಬಡರೋಗಿಗಳ ಚಿಕಿತ್ಸೆಗೆ, ಮಕ್ಕಳ ಓದಿಗೆ ಇಂದಿಗೂ ನೆರವು ಕೊಡುವ ಟ್ರಸ್ಟ್ ಅವರ ಹೆಸರಿನದು. ಟ್ರಸ್ಟ್ ಉಳಿಯಿತು, ಅವರನ್ನು ಮಾತ್ರ ಮರೆತೆವು. ಇದು ನನಗೆ ಸಂಕಟದ ವಿಷಯ. ಏಕೆಂದರೆ ದಾನಿಗಳು ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದನ್ನು ಅವರು ಕೇಳಿದ್ದರು.

ಜನ ಬಡವರಾಗುವುದು ಏಕೆ, ಅದನ್ನು ತಡೆಯುವ ದಾರಿ ಯಾವುದು? ಇದನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿಸಲು 1912ರಲ್ಲಿ ಅವರು ಲಂಡನ್ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 1,400 ಪೌಂಡ್ ಕೊಡಲು ಮುಂದಾದರು. ಆಳಿಸಿಕೊಳ್ಳುತ್ತಿದ್ದ ದೇಶದವರೊಬ್ಬರು ಆಳುವವರ ರಾಜಧಾನಿಯಲ್ಲಿ ಬಡತನದ ಬೇರು ಹುಡುಕಿಸಲು ಹೊರಟಿದ್ದರು! ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ರತನ್ ಟಾಟಾ ಫೌಂಡೇಶನ್ ಶುರುವಾಯಿತು. ಅದರ ನಿರ್ದೇಶಕರಾಗಿ ಬಂದವರು ಆರ್ಥಿಕ ಇತಿಹಾಸಕಾರ ಆರ್.ಎಚ್. ಟಾನಿ.

ಟಾನಿ ಮುಲಾಜಿನ ಮನುಷ್ಯರಲ್ಲ. 1913ರ ತಮ್ಮ ಮೊದಲ ಉಪನ್ಯಾಸದಲ್ಲೇ ಅವರು, ಬಡತನವನ್ನು ಬಡವರ ನಡತೆಯಲ್ಲಿ ಹುಡುಕಬೇಡಿ, ಕೂಲಿಯಲ್ಲಿ, ಕೆಲಸದ ವ್ಯವಸ್ಥೆಯಲ್ಲಿ ಹುಡುಕಿ ಎಂದರು. ಪ್ರಶ್ನೆ ಸಿರಿತನದ ಕಡೆಗೂ ತಿರುಗಬೇಕು ಎಂದರು. ಸಿರಿವಂತರೊಬ್ಬರ ದುಡ್ಡಿನಲ್ಲಿ ನಡೆದ ಪೀಠದಿಂದ ಬಂದ ಮಾತಿದು.

ಅಷ್ಟಕ್ಕೇ ನಿಲ್ಲಲಿಲ್ಲ. ಇಂಗ್ಲೆಂಡಿನ ಕ್ರ್ಯಾಡ್ಲಿ ಹೀತ್ ಸುತ್ತಮುತ್ತ ಹೆಂಗಸರು ಮನೆಯ ಹಿತ್ತಿಲ ಕುಲುಮೆಗಳಲ್ಲಿ ಕಬ್ಬಿಣ ಕಾಯಿಸಿ ಸರಪಳಿ ಬಡಿಯುತ್ತಿದ್ದರು. 1910ರಲ್ಲಿ ಅವರಿಗೆ ಗಂಟೆಗೆ ಎರಡೂವರೆ ಪೆನ್ನಿ ಕನಿಷ್ಠ ಕೂಲಿ ನಿಗದಿಯಾದಾಗ ಮಾಲೀಕರು ಜಪ್ಪಯ್ಯ ಅಂದರೂ ಕೊಡಲಿಲ್ಲ. ಹತ್ತು ವಾರ ಹೋರಾಡಿ ಹೆಂಗಸರು ಗೆದ್ದರು. ಕೂಲಿ ಏರಿಸಿದರೆ ಕಸುಬೇ ಮುಳುಗುತ್ತದೆ ಎಂಬುದು ಮಾಲೀಕರ ಹಳೆಯ ವರಸೆ. ಟಾನಿ ಈ ಕಸುಬಿನ ಲೆಕ್ಕಾಚಾರವನ್ನು ಒಳಹೊಕ್ಕು ನೋಡಿ 1914ರಲ್ಲಿ ಪುಸ್ತಕ ಬರೆದರು. ಕಸುಬು ಮುಳುಗಿರಲಿಲ್ಲ. ಮರುವರ್ಷ ದರ್ಜಿ ಕೆಲಸದ ಬಗ್ಗೆಯೂ ಅಂಥದೇ ಪುಸ್ತಕ ಬಂತು.

ಇಂಥ ಪ್ರಶ್ನೆ ಕೇಳಿದ ಸರ್ ರತನ್ ಕಣ್ಣೆದುರಿನ ಕಷ್ಟಕ್ಕೆ ಬೆನ್ನು ತಿರುಗಿಸಿದವರಲ್ಲ. 1909ರಲ್ಲೇ ಅವರು ದಕ್ಷಿಣ ಆಫ್ರಿಕಾದ ಗಾಂಧೀಜಿಗೆ 25,000 ರೂಪಾಯಿ ಕಳಿಸಿದರು. ಟ್ರಾನ್ಸ್‌ವಾಲ್‌ನಲ್ಲಿ ಸತ್ಯಾಗ್ರಹಿಗಳು ಜೈಲು ಸೇರುತ್ತಿದ್ದರೆ ಅವರ ಹೆಂಡಿರು ಮಕ್ಕಳ ಹೊಟ್ಟೆಪಾಡು ಚಳವಳಿಯ ಹೆಗಲ ಮೇಲಿತ್ತು. ಆಮೇಲೂ ಹಣ ಹೋಯಿತು, ಒಟ್ಟು 1.25 ಲಕ್ಷ ರೂಪಾಯಿ.

1918ರ ಸೆಪ್ಟೆಂಬರ್‌ನಲ್ಲಿ ಸರ್ ರತನ್ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಉಯಿಲಿನಂತೆ ಆಸ್ತಿ ವಿದ್ಯೆಗೆ, ಉದ್ಯಮಕ್ಕೆ, ಮನುಷ್ಯರ ಸಂಕಟ ನೀಗಿಸುವ ಕೆಲಸಕ್ಕೆ ಹೋಯಿತು. 1919ರಲ್ಲಿ ಟ್ರಸ್ಟ್ ಹುಟ್ಟಿತು. ಅದಕ್ಕೆ ಹೆಗಲು ಕೊಟ್ಟವರು ಪತ್ನಿ ನವಾಜ್‌ಬಾಯಿ. 1928ರಲ್ಲಿ ಮುಂಬೈಯಲ್ಲಿ ಶುರುವಾದ ಸರ್ ರತನ್ ಟಾಟಾ ಇನ್‌ಸ್ಟಿಟ್ಯೂಟ್ ಬಡ ಪಾರ್ಸಿ ಹೆಂಗಸರಿಗೆ ಹೊಲಿಗೆ, ಕಸೂತಿ, ಅಡುಗೆ ಕೆಲಸ ಕೊಟ್ಟಿತು. ಟಾನಿ ಹೇಳಿದ ಕೂಲಿಯ ಮಾತು ಇಲ್ಲಿ ಕೆಲಸವಾಗಿ ಬಂದಂತೆ ನನಗೆ ಕಾಣುತ್ತದೆ. ಪಾರ್ಸಿ ಅನಾಥಾಲಯದಲ್ಲಿದ್ದ ನವಲ್ ಎಂಬ ಬಾಲಕನನ್ನು ಆಕೆ ದತ್ತು ತೆಗೆದುಕೊಂಡರು. ಈಚಿನ ರತನ್ ಟಾಟಾ ಆ ನವಲ್‌ರ ಮಗ. ಈಗ ಟಾಟಾ ಟ್ರಸ್ಟ್‌ಗಳ ಅಧ್ಯಕ್ಷರಾಗಿರುವ ನೋಯೆಲ್ ಕೂಡ ನವಲ್‌ರ ಮಗನೇ.

ಟ್ರಸ್ಟ್‌ಗಳೆಂದರೆ ಈಗ ಸಮೂಹದ ಮೂಲ ಕಂಪನಿ ಟಾಟಾ ಸನ್ಸ್‌ನ ಮೂರನೇ ಎರಡು ಪಾಲು ಷೇರು ಯಾರ ಮಾತು ಕೇಳುತ್ತದೆ ಎಂಬುದಷ್ಟೇ ಸುದ್ದಿ. ಟಾನಿಯ ಪುಸ್ತಕಗಳ ಮಾತೇ ಇಲ್ಲ. ಅವು ಕನ್ನಡಕ್ಕೆ ಬರಬೇಕೆಂಬುದು ನನ್ನ ಆಸೆ. ದಕ್ಷಿಣ ಕನ್ನಡದಲ್ಲಿ ಜಗಲಿಯ ಮೇಲೆ ಕೂತು ಬೀಡಿ ಕಟ್ಟುವ ಹೆಂಗಸರು ಕನಿಷ್ಠ ಕೂಲಿ ಕೇಳಿದಾಗಲೂ ಬರುವ ಉತ್ತರ, ಕಸುಬು ಮುಳುಗುತ್ತದೆ ಎಂಬುದೇ.