ಪೈನ್ ಮರದ ಕುಂಚಕ್ಕೆ ಜಾಲಿ ಒಲಿಯದು

ಮೊಳಕಾಲ್ಮೂರಿನ ಬ್ರಹ್ಮಗಿರಿಯ ಬುಡದಲ್ಲಿ ಕೂತು ಟ್ಯಾಬ್ಲೆಟ್ ತೆರೆದು ಹತ್ತು ನಿಮಿಷವಾಗಿರಲಿಲ್ಲ, ನನ್ನ ಬೆಟ್ಟ ಸ್ವಿಟ್ಜರ್ಲೆಂಡಿಗೆ ಹೊರಟುಹೋಗಿತ್ತು. ಎದುರಿಗಿದ್ದದ್ದು ಯಾರೋ ಗಾಡಿಗಟ್ಟಲೆ ತಂದು ಸುರುವಿದಂತಿದ್ದ ಗುಂಡುಗಲ್ಲುಗಳ ರಾಶಿ, ಬುಡದಲ್ಲಿ ಬಳ್ಳಾರಿ ಜಾಲಿ. ಪರದೆಯ ಮೇಲೆ ಮೂಡಿದ್ದು ಚೂಪು ಶಿಖರ, ಇಳಿಜಾರಿನ ತುಂಬ ಪೈನ್ ಕಾಡು. ಕುರಿ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ನನ್ನ ಹೆಗಲ ಮೇಲಿಂದ ಇಣುಕಿ, ‘ಇದ್ಯಾವೂರ ಗುಡ್ಡ ಸ್ವಾಮಿ?’ ಅಂದರು. ಎದುರಿನ ಗುಡ್ಡವೇ ಎನ್ನಲು ನನಗೆ ಬಾಯಿ ಬರಲಿಲ್ಲ.

ಕೈ ನನ್ನದೇ, ಕಣ್ಣೂ ನನ್ನದೇ. ಕುಂಚ ಮಾತ್ರ ಬೇರೆಯವರದು. ಡಿಜಿಟಲ್‌ನಲ್ಲಿ ನಿಸರ್ಗ ಬರೆಯುವ ಹವ್ಯಾಸವಿರುವವರೆಲ್ಲ ನನ್ನಂತೆಯೇ ‘ಲ್ಯಾಂಡ್‌ಸ್ಕೇಪ್ ಬ್ರಷ್ ಪ್ಯಾಕ್’ ಇಳಿಸಿಕೊಂಡಿರುತ್ತಾರೆ. ಮೋಡಕ್ಕೊಂದು, ಹುಲ್ಲಿಗೊಂದು, ಹಿಮ ಹೊದ್ದ ಬಂಡೆಗೆ ನಾಲ್ಕು, ಪೈನ್ ಮರಕ್ಕೆ ಹದಿನೈದು. ಒಂದು ಸಲ ಎಳೆದರೆ ಕಾಡು ಸಿದ್ಧ. ಈ ಮೊಳಕಾಲ್ಮೂರು–ಚಳ್ಳಕೆರೆ ಸೀಮೆಗೆ ಬೇಕಾದ ಕಮರ, ಕತ್ತಾಳೆ, ಕಾವಲಿನ ಒಣಹುಲ್ಲು ನಾನು ಇಳಿಸಿಕೊಂಡ ಯಾವ ಪ್ಯಾಕಿನಲ್ಲೂ ಇರಲಿಲ್ಲ. ತಂತ್ರಾಂಶ ಮಾಡಿದವರನ್ನು ಬೈಯುವುದು ತಪ್ಪು. ಅವರವರ ಕಿಟಕಿಯಿಂದ ಕಂಡದ್ದನ್ನು ಅವರವರು ಕುಂಚ ಮಾಡಿಕೊಂಡಿದ್ದಾರೆ, ಅಷ್ಟೆ.

ನಾನು ಅಲ್ಲಿಗೆ ಹೋಗಿದ್ದು ಬೆಟ್ಟಕ್ಕಾಗಿ. ಆದರೆ ಬ್ರಹ್ಮಗಿರಿಗೆ ಹೋಗಿ ಶಾಸನ ನೋಡದೆ ಬರುವುದುಂಟೇ? ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನ ಪತ್ತೆ ಮಾಡಿದ ಕಥೆ ಹಳೆಯದು. ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಜನಲ್ಲ, ಬರೆದವನು. ಚಪಡ ಅವನ ಹೆಸರು. ಬ್ರಾಹ್ಮಿ ಲಿಪಿಯಲ್ಲಿ, ಎಡದಿಂದ ಬಲಕ್ಕೆ, ಇಸಿಲ ಎಂಬ ಅಂದಿನ ಊರಿನ ಮಹಾಮಾತ್ರರೆಂಬ ಅಧಿಕಾರಿಗಳಿಗೆ ರಾಜಾಜ್ಞೆಯನ್ನೆಲ್ಲ ಬರೆದು ಮುಗಿಸಿ, ಕೊನೆಗೆ ತನ್ನ ಹೆಸರು ಹಾಕುತ್ತಾನೆ. ಹೆಸರಿನ ಜೊತೆಗೆ ತನ್ನ ಕಸುಬು ಹೇಳುವ ಒಂದೇ ಒಂದು ಪದ, ‘ಲಿಪಿಕಾರ’ ಎಂಬ ಅರ್ಥದ ಪದ ಬಂದಾಗ ಮಾತ್ರ ಲಿಪಿ ಬದಲಾಗುತ್ತದೆ. ಅದು ಖರೋಷ್ಠಿ. ಗಾಂಧಾರದ ಕಡೆ, ಇಂದಿನ ಪೇಶಾವರ–ತಕ್ಷಶಿಲೆಯ ಸೀಮೆಯಲ್ಲಿ ನಡೆಯುತ್ತಿದ್ದ ಲಿಪಿ. ಬಲದಿಂದ ಎಡಕ್ಕೆ ಓಡುತ್ತದೆ.

ಮೊಳಕಾಲ್ಮೂರಿನ ಬಂಡೆಗೆ ಗಾಂಧಾರದ ಅಕ್ಷರ! ಓದಬಲ್ಲವರು ಇಸಿಲದಲ್ಲಿ ಯಾರಿದ್ದರು? ಯಾರೂ ಇರಲಿಲ್ಲ ಎಂದೇ ನನ್ನ ಊಹೆ, ಅದಕ್ಕೇ ಅದು ಇಷ್ಟು ಚೆನ್ನಾಗಿದೆ. ಚಪಡ ವಾಯವ್ಯದಿಂದ ಬಂದವನಿರಬೇಕು, ಇಲ್ಲವೇ ಅಲ್ಲಿ ಕಲಿತವನಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ಸ್ವಲ್ಪ ಜಂಬಗಾರನೂ ಇದ್ದನೆಂದು ನಾನು ಸೇರಿಸುತ್ತೇನೆ. ಬ್ರಾಹ್ಮಿಯ ಅಕ್ಷರಗಳು ಉಳಿಗೆ ಒಗ್ಗುವಂಥವು, ನೇರ ಗೆರೆ, ಕೋನ. ಖರೋಷ್ಠಿಯದು ಬಳುಕುವ ಗೆರೆ, ಲೇಖನಿಯಿಂದ ಓಡುವ ಗೆರೆ. ಕಲ್ಲಿನ ಮುಂದೆ ನಿಂತಾಗಲೂ ಅವನ ಮಣಿಕಟ್ಟಿನಲ್ಲಿ ಲೇಖನಿಯೇ ಇತ್ತು. ಎಲ್ಲೋ ಕಲಿತ ಗೆರೆಯನ್ನು ಹೊತ್ತು ಎರಡು ಸಾವಿರದ ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಇದೇ ಬೆಟ್ಟಕ್ಕೆ ಬಂದ ಅವನಿಗೂ ಪೈನ್ ಮರದ ಪ್ಯಾಕ್ ಹೊತ್ತು ಬಂದ ನನಗೂ ಒಂದೇ ವ್ಯತ್ಯಾಸ. ಅವನು ಊರಿನ ಕೆಲಸಕ್ಕೆ ಊರಿಗೆ ಹೊಂದುವ ಲಿಪಿ ಬಳಸಿ, ತನ್ನದನ್ನು ಸಹಿಗೆ ಮಾತ್ರ ಇಟ್ಟುಕೊಂಡ. ನಾನು ಬೆಟ್ಟವನ್ನೇ ಪರದೇಶದ ಲಿಪಿಯಲ್ಲಿ ಬರೆಯಲು ಕೂತಿದ್ದೆ.

ಚಪಡನನ್ನು ಇಲ್ಲಿಗೆ ಬಿಟ್ಟು ಕುಂಚಕ್ಕೆ ಬರೋಣ, ಬಿಡಲು ಮನಸ್ಸಿಲ್ಲದಿದ್ದರೂ.

ಡಿಜಿಟಲ್ ಕುಂಚದಲ್ಲಿ ಕೂದಲಿಲ್ಲ. ಅದು ಬಟ್ಟೆಗೆ ಒತ್ತುವ ಅಚ್ಚಿನ ಹಾಗೆ. ಒಂದು ಚಿಕ್ಕ ಕಪ್ಪು–ಬಿಳುಪು ಚಿತ್ರವನ್ನು ಒತ್ತೊತ್ತಾಗಿ ಒತ್ತುತ್ತ ಹೋದರೆ ಕಣ್ಣಿಗೆ ಗೆರೆಯಂತೆ ಕಾಣುತ್ತದೆ. ಅಚ್ಚುಗಳ ನಡುವಿನ ಅಂತರ, ಅವು ಚೆದುರುವ ಬಗೆ, ತಿರುಗುವ ಕೋನ, ಪೆನ್ನು ಒತ್ತಿದಷ್ಟೂ ಗಾತ್ರ ಹಿಗ್ಗಬೇಕೋ ಬಣ್ಣ ದಟ್ಟವಾಗಬೇಕೋ ಎಂಬ ಲೆಕ್ಕ, ಇವಿಷ್ಟೇ ಅದರ ಗುಟ್ಟು. ಫೋಟೊಶಾಪ್ 2002ರಲ್ಲಿ ತನ್ನ ಏಳನೇ ಆವೃತ್ತಿಯಲ್ಲಿ ಈ ಕೀಲಿಗಳನ್ನೆಲ್ಲ ಬಳಕೆದಾರರ ಕೈಗೆ ಕೊಟ್ಟಿತು. ನಾನು ಬಳಸುವುದು ಕಾಸು ಕೇಳದ ಕ್ರಿಟಾ. ಸ್ವೀಡನ್ನಿನವರ ಮಾತಿನಲ್ಲಿ ಕ್ರಿಟಾ ಅಂದರೆ ಬಳಪ. ಹೆಸರಿಟ್ಟವರು ಮಹಾಭಾರತದ ‘ಕೃತ’ವನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರಂತೆ. ಇಂಗ್ಲೆಂಡಿನ ಡೇವಿಡ್ ಹಾಕ್ನಿ 2011ರಲ್ಲಿ ಯಾರ್ಕ್‌ಷೈರಿನ ಒಂದು ರಸ್ತೆಗೆ ವಸಂತ ಬರುವುದನ್ನು ಐಪ್ಯಾಡಿನಲ್ಲಿ ಬರೆದು ತೋರಿಸಿದ ಮೇಲೆ ‘ಇದೂ ಕಲೆಯೇ?’ ಎಂಬ ತಕರಾರು ಸುಮಾರಾಗಿ ತಣ್ಣಗಾಯಿತು. ನಮ್ಮಲ್ಲಿ ಕೆ. ವೆಂಕಟಪ್ಪ (1886–1965) ಊಟಿಯನ್ನು ಜಲವರ್ಣದಲ್ಲಿ ಹಿಡಿದರು, ರುಮಾಲೆ ಚನ್ನಬಸವಯ್ಯ (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು. ರುಮಾಲೆಯವರ ಚಿತ್ರದೆದುರು ನಿಂತು ನೋಡಿ, ಒಂದು ಬಣ್ಣದ ಮುದ್ದೆಯ ಹಾಗೆ ಇನ್ನೊಂದಿಲ್ಲ. ಅಚ್ಚಿನ ಕುಂಚದ ಮೇಲೆ ನನ್ನ ಗುಮಾನಿ ಇಲ್ಲಿಂದಲೇ ಶುರು. ‘ಸಾಕ್ಷಾತ್ ನಿಸರ್ಗ’ ಎಂದು ಮಾರುವ ಪ್ಯಾಕುಗಳಲ್ಲಿ ಎಷ್ಟೋ ಫೋಟೊಗಳನ್ನೇ ಕತ್ತರಿಸಿ ಮಾಡಿದ ಠಸ್ಸೆಗಳು.

ಆದರೂ ಈ ಸೀಮೆಗೆ ನನ್ನದೇ ಕುಂಚ ಮಾಡಿದೆ. ಬಂಡೆಯಿಂದ ಶುರು. ಎಂಟು ಗಂಟೆಯ ಓರೆ ಬಿಸಿಲಿನಲ್ಲಿ ಒಂದು ಗುಂಡುಗಲ್ಲಿನ ಫೋಟೊ ತೆಗೆದು, ರಾತ್ರಿ ಚಳ್ಳಕೆರೆಯ ಲಾಡ್ಜಿನಲ್ಲಿ ಅದರ ಬಣ್ಣ ಹೀರಿ, ಸುತ್ತಲಿನದನ್ನು ಅಳಿಸಿ, ಅಚ್ಚು ಮಾಡಿದೆ. ಕೋನ ತಾನಾಗಿ ತಿರುಗಲಿ ಎಂದು ಬಿಟ್ಟೆ. ಎಳೆದರೆ ಅರೆಗಳಿಗೆಯಲ್ಲಿ ಬೆಟ್ಟ ಎದ್ದು ನಿಂತಿತು. ಕುಣಿದಾಡುವಷ್ಟು ಖುಷಿ. ಚಹಾ ಕುಡಿದು ಬಂದು ನೋಡಿದರೆ ಏನೋ ಎಡವಟ್ಟು. ಬಹಳ ಹೊತ್ತು ಗೊತ್ತೇ ಆಗಲಿಲ್ಲ. ಅಚ್ಚಿನೊಳಗೆ ನೆರಳೂ ಸೇರಿಕೊಂಡಿತ್ತು. ಕಲ್ಲು ತಿರುಗಿದಾಗ ನೆರಳೂ ತಿರುಗಿ ಒಂದು ಬಂಡೆಗೆ ಪೂರ್ವದ ಬಿಸಿಲು, ಪಕ್ಕದ್ದಕ್ಕೆ ಪಶ್ಚಿಮದ್ದು, ಇನ್ನೊಂದಕ್ಕೆ ನೆಲದೊಳಗಿನಿಂದ ಬೆಳಕು. ಒಂದೇ ಬೆಟ್ಟಕ್ಕೆ ನಾಲ್ಕು ಸೂರ್ಯ.

ಮಾರನೇ ದಿನ ಮತ್ತೆ ಹೋದೆ. ಈ ಸಲ ಒಂದರ ಬದಲು ಬೇರೆ ಬೇರೆ ಆಕಾರದ ಮೂರು ಕಲ್ಲು. ಅಚ್ಚಿನಿಂದ ನೆರಳು ತೆಗೆದು ಹೊರಗೆರೆ ಮತ್ತು ಮೈಯ ಒರಟನ್ನು ಮಾತ್ರ ಉಳಿಸಿದೆ, ತಿರುಗುವ ಕೀಲಿಯನ್ನು ಮುಚ್ಚಿದೆ. ನೆರಳನ್ನು ಸಾದಾ ಕುಂಚದಿಂದ ಒಂದೊಂದಾಗಿ ಕೈಯಲ್ಲೇ ಬರೆದೆ. ಬೆಟ್ಟ ಆಗ ಊರಿಗೆ ವಾಪಸು ಬಂತು.

ಜಾಲಿಯದು ಇನ್ನೊಂದು ರಗಳೆ. ಪ್ಯಾಕಿನ ಮರಗಳು ಎಲೆಯ ಗುಡ್ಡೆಗಳು. ಜಾಲಿಯನ್ನು ಮಾಡುವುದು ಎಲೆಯಲ್ಲ, ಎಲೆಯ ಸಂದಿನಲ್ಲಿ ಕಾಣುವ ಆಕಾಶ. ಹಸಿರನ್ನು ಒತ್ತಿದಷ್ಟೂ ಅದು ಮಾವಿನ ಮರವಾಗುತ್ತಿತ್ತು. ಕೊನೆಗೆ ಎರಡು ಕುಂಚ ಮಾಡಿದೆ. ಒಂದು ಎಲೆಗರಿಯದು, ಬಣ್ಣ ಹಾಕಲು. ಇನ್ನೊಂದು ಹರಕು ಹರಕು ತೂತುಗಳದ್ದು, ಹಾಕಿದ್ದನ್ನು ಅಳಿಸಲು. ಕೆಲಸ ಮಾಡಿದ್ದು ಎರಡನೆಯದು.

ಕಂಬಳಿ ಮಾತ್ರ ತಾನಾಗಿ ಒದಗಿದ್ದು. ಕುರಿಯಜ್ಜನ ಹೆಗಲ ಮೇಲೆ ಕರಿಕಂಬಳಿ ಇತ್ತು, ಹುಣಸೆಬೀಜದ ಗಂಜಿ ಕುಡಿದು ಗಟ್ಟಿಯಾದ ಈ ಸೀಮೆಯ ಕಂಬಳಿ. ಬಿಸಿಲು ಅಡ್ಡ ಬಿದ್ದಾಗ ಅದರ ಒರಟು ನೇಯ್ಗೆ, ನಡುನಡುವೆ ಎದ್ದು ನಿಂತ ಉಣ್ಣೆಯ ಎಳೆಗಳು ದೂರದ ಒಣ ಇಳಿಜಾರಿನ ಹಾಗೇ ಕಂಡವು. ಫೋಟೊ ತೆಗೆಯಲೇ ಎಂದು ಕೇಳಿದೆ. ‘ಕಂಬಳೀದ್ಯಾಕೆ, ನಂದು ತೆಗೀರಿ’ ಅಂದರು. ಎರಡೂ ತೆಗೆದೆ. ಕಂಬಳಿಯ ಚಿತ್ರವನ್ನು ಅಚ್ಚಾಗಿ ಅಲ್ಲ, ಕುಂಚದ ಕೆಳಗಿನ ಒರಟಾಗಿ ಕೂರಿಸಿದೆ. ಹಾಳೆಯ ಒರಟಿನ ಮೇಲೆ ಸೀಸದಕಡ್ಡಿ ಉಜ್ಜಿದಂತೆ ಬಣ್ಣ ಅಲ್ಲಲ್ಲಿ ಹತ್ತಿ ಅಲ್ಲಲ್ಲಿ ಬಿಟ್ಟು ಹೋಗುತ್ತದೆ. ಕುರಿ ಮೇಯುವ ಗುಡ್ಡ ಕುರಿಯ ಉಣ್ಣೆಯಿಂದಲೇ ಬಂತು.

ಚಳ್ಳಕೆರೆಯ ಕಡೆಗೆ ಬಂದರೆ ಬೆಟ್ಟಗಳು ಹಿಂದೆ ಸರಿದು ಬರೀ ಬಯಲು. ಶೇಂಗಾ ಕಿತ್ತ ಕೆಂಪು ಹೊಲ, ಆಚೆ ಅಮೃತಮಹಲ್ ಕಾವಲಿನ ಹುಲ್ಲು. ಇಂಥ ಮಟ್ಟಸ ಜಾಗದಲ್ಲೇ ಡಿಆರ್‌ಡಿಒ ಪರೀಕ್ಷಾ ರನ್‌ವೇ ಮಾಡಿಕೊಂಡಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೊಮೀಟರ್ ಎತ್ತರದಲ್ಲಿ ಬಿಟ್ಟ ಇಸ್ರೊದ ರೆಕ್ಕೆಯ ನೌಕೆ ತಾನಾಗಿ ಬಂದು ಇಳಿದದ್ದು ಇಲ್ಲೇ. ಮಟ್ಟಸ ನೆಲ ನೌಕೆಗೆ ಸಲೀಸು, ಚಿತ್ರಕಾರನಿಗೆ ಕಷ್ಟ. ಹಿಡಿಯಲು ಏನೂ ಸಿಗುವುದಿಲ್ಲ. ದೂರದ್ದೆಲ್ಲ ನೀಲಿಗೆ ತಿರುಗುತ್ತದೆ ಎಂದು ಪಾಠಗಳು ಹೇಳುತ್ತವೆ. ಇಲ್ಲಿ ಫೆಬ್ರವರಿಯಲ್ಲೇ ದೂರದ್ದೆಲ್ಲ ಧೂಳಿನ ಬಿಳುಪಿಗೆ ತಿರುಗಿತ್ತು. ನೀಲಿ ಹಾಕಿದೆ, ಒದ್ದೆ ಮಲೆನಾಡಾಯಿತು. ಅಳಿಸಿದೆ. ಹುಲ್ಲಿನ ಕುಂಚ ಇನ್ನೂ ಆಗಿಲ್ಲ. ಗಾಳಿಗೆ ಒಂದೇ ಕಡೆ ವಾಲಿದ ಒಣಹುಲ್ಲು ಅಚ್ಚಿಗೆ ಸಿಕ್ಕಿದರೆ ಬಾಚಿದ ತಲೆಯಂತೆ ಕಾಣುತ್ತದೆ, ಚೆದುರಿಸಿದರೆ ವಾಲುವುದನ್ನೇ ಮರೆಯುತ್ತದೆ.

ಈಗ ನನ್ನ ಬಳಿ ಇರುವುದು ಆರು: ಕಲ್ಲಿನವು ಮೂರು, ಜಾಲಿಯವು ಎರಡು, ಕಂಬಳಿಯದು ಒಂದು. ಬೇಕಾದವರು ಕೇಳಿದರೆ ಕೊಡುತ್ತೇನೆ, ಆದರೆ ನೀವೇ ಮಾಡಿಕೊಳ್ಳುವುದು ಮೇಲು. ಬ್ರಹ್ಮಗಿರಿಗೆ ಹೋಗುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿ. ಆಮೇಲೆ ಬಂಡೆಗಳ ನೆರಳು ಕುಗ್ಗುತ್ತ ಹೋಗುತ್ತದೆ, ಪರದೆಯ ಮೇಲೆ ನಿಮ್ಮ ಮುಖ ಬಿಟ್ಟರೆ ಬೇರೇನೂ ಕಾಣುವುದಿಲ್ಲ.