ಅಮ್ಮ ಅತ್ತಿದ್ದು ಬೇರೆ ಸೀನಿಗೆ

‘ಕರ್ಚೀಫ್ ಪಕ್ಕದಲ್ಲಿಟ್ಕೊಂಡೇ ನೋಡು’ ಅಂತ ಆಫೀಸಿನ ಗೆಳತಿ ಹೇಳ್ತಾನೇ ಇದ್ದಳು. ನಾನು ಮುಂದೂಡುತ್ತಲೇ ಇದ್ದೆ. ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಸಿನಿಮಾದ ಹುಡುಗಿ ಮೂಗಿಗೆ ಆಕ್ಸಿಜನ್ ಪೈಪ್ ಹಾಕಿಕೊಂಡಿರೋದು ಪೋಸ್ಟರ್‌ನಲ್ಲೇ ಕಾಣುತ್ತೆ. ಅಪ್ಪ ಕೊನೆಯ 14 ತಿಂಗಳು ಅಂಥದ್ದೇ ಪೈಪಿನಲ್ಲಿ ಉಸಿರಾಡಿದವರು.

ಕಳೆದ ತಿಂಗಳು ಹಾಸನದಿಂದ ಅಮ್ಮ ಬಂದಿದ್ದಳು. ಭಾನುವಾರ, ಹೊರಗೆ ಮಳೆ. ‘ಯಾವ್ದಾದ್ರೂ ಒಂದು ಹಾಕೇ’ ಅಂದಳು. ಧೈರ್ಯ ಮಾಡಿ ಹಾಕಿಯೇಬಿಟ್ಟೆ. ಅವಳಿಗೆ ಆ ಇಂಗ್ಲಿಷ್ ವೇಗ ಸಿಗಲ್ಲ, ಆಗಾಗ ನಿಲ್ಲಿಸಿ ಕಥೆ ಹೇಳಬೇಕಾಯ್ತು.

ಜಾನ್ ಗ್ರೀನ್ 2012ರಲ್ಲಿ ಬರೆದ ಕಾದಂಬರಿ, 2014ರಲ್ಲಿ ಸಿನಿಮಾ ಆಯ್ತು. ಹೇಜಲ್‌ಗೆ ಥೈರಾಯ್ಡ್ ಕ್ಯಾನ್ಸರ್, ಶ್ವಾಸಕೋಶಕ್ಕೂ ಹರಡಿದೆ. ಮೂಳೆ ಕ್ಯಾನ್ಸರ್‌ನಿಂದ ಕಾಲು ಕಳೆದುಕೊಂಡ ಗಸ್ ಸಿಗ್ತಾನೆ. ಹೇಜಲ್‌ಗೆ ಒಂದು ಪುಸ್ತಕದ ಹುಚ್ಚು. ಅದು ವಾಕ್ಯದ ಮಧ್ಯದಲ್ಲೇ ನಿಂತುಬಿಡುತ್ತೆ. ಅದರಲ್ಲಿನ ಹುಡುಗಿ ಹೋದ ಮೇಲೆ ಅವಳ ಅಮ್ಮ ಏನಾದಳು? ಇದನ್ನು ಕೇಳೋಕೆ ಇಬ್ಬರೂ ಲೇಖಕನನ್ನು ಹುಡುಕಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗ್ತಾರೆ. ಅಲ್ಲಿ ಸಿಗೋದು ಒಬ್ಬ ಒರಟು ಕುಡುಕ. ವಿಲೆಮ್ ಡೆಫೊ ಎಂಥ ನಟ ಅಂತ ಗೊತ್ತಾಗೋದು ಅಲ್ಲೇ.

ನಿಜ ಹೇಳ್ತೀನಿ, ಈ ಸಿನಿಮಾದಲ್ಲಿ ಟೀನೇಜ್ ಮಕ್ಕಳು ಮಾತಾಡೋ ಹಾಗೆ ಯಾರೂ ಮಾತಾಡಲ್ಲ. ಹಚ್ಚದ ಸಿಗರೇಟನ್ನು ಬಾಯಲ್ಲಿಟ್ಟು ಗಸ್ ಹೇಳೋ ತತ್ವಜ್ಞಾನ ನನಗಂತೂ ಸ್ವಲ್ಪ ಜಾಸ್ತಿಯೇ ಅನ್ನಿಸ್ತು. ಆ್ಯನ್ ಫ್ರಾಂಕ್ ಮನೆಯಲ್ಲಿ ಇಬ್ಬರೂ ಮುತ್ತಿಟ್ಟಾಗ ಸುತ್ತ ನಿಂತವರು ಚಪ್ಪಾಳೆ ಹೊಡೀತಾರೆ. ಅಂಥ ಜಾಗದಲ್ಲಿ ಚಪ್ಪಾಳೆನಾ? ಅಮ್ಮನ ತಕರಾರು ಮಾತ್ರ ಬೇರೆ: ‘ಸಿಲಿಂಡರ್ ಇಟ್ಕೊಂಡು ಅಷ್ಟು ಮೆಟ್ಟಿಲು ಹತ್ತಿಸ್ತಾರಾ ಯಾರಾದ್ರೂ!’

(ಇದೇ ಕಥೆ ಹಿಂದಿಯಲ್ಲಿ 2020ರಲ್ಲಿ ‘ದಿಲ್ ಬೇಚಾರಾ’ ಆಗಿ ಬಂತು. ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡ ಮೇಲೆ ಬಿಡುಗಡೆಯಾದ ಸಿನಿಮಾ. ನನ್ನ ಕೈಲಿ ಪೂರ್ತಿ ನೋಡೋಕೆ ಆಗಲಿಲ್ಲ.)

ಅಳು ಬಂದರೆ ಪ್ರೇಮಿಗಳಿಗಾಗಿ ಬರುತ್ತೆ ಅಂದ್ಕೊಂಡಿದ್ದೆ. ಅಮ್ಮ ಕಣ್ಣೊರೆಸಿಕೊಂಡಿದ್ದು ಹೇಜಲ್ ತಾಯಿಯ ಸೀನಿಗೆ. ತಾನು ಸತ್ತರೆ ಅಪ್ಪ-ಅಮ್ಮನಿಗೆ ಬದುಕೇ ಇರಲ್ಲ ಅನ್ನೋ ಭಯ ಹೇಜಲ್‌ಗೆ. ಅದನ್ನು ಹೇಳಿ ಜಗಳಕ್ಕೆ ನಿಂತಾಗ ತಾಯಿ ಬಾಯಿ ಬಿಡ್ತಾಳೆ. ಮಗಳಿಗೆ ತಿಳಿಸದೆ ಅವಳು ಸೋಷಿಯಲ್ ವರ್ಕ್ ಓದ್ತಿದ್ದಾಳೆ. ಮಗಳಿಗೆ ಸಂಕಟ ಆಗಿರುತ್ತೆ ಅಂದುಕೊಂಡರೆ, ಅವಳು ಖುಷಿ ಪಡ್ತಾಳೆ.

ನಾನು ಸಿನಿಮಾ ನಿಲ್ಲಿಸಿದೆ.

‘ಅವ್ಳು ಮುಂಚೇನೇ ಶುರು ಮಾಡ್ಕೊಂಡ್ಲು, ಒಳ್ಳೇದಾಯ್ತು’ ಅಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, ‘ನಂಗೆ ಆ ಮೆಷೀನ್ ಸದ್ದಿಲ್ದೆ ಈಗ್ಲೂ ನಿದ್ದೆ ಬರಲ್ಲ ಕಣೇ. ಚಳಿಗಾಲದಲ್ಲೂ ಫ್ಯಾನು ಐದರಲ್ಲಿ ಇಟ್ಟು ಮಲಗ್ತೀನಿ.’

ಅಪ್ಪ ಹೋಗಿ ಎರಡು ವರ್ಷ. ದಿನಾ ರಾತ್ರಿ ಫೋನ್ ಮಾಡ್ತೀನಿ. ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ಯಾ ಅಂತ ಕೇಳ್ತೀನಿ. ನಿದ್ದೆ ಬರುತ್ತಾ ಅಂತ ಒಂದು ದಿನವೂ ಕೇಳಿರಲಿಲ್ಲ.

ಆ ರಾತ್ರಿ ಮಾತಾಡ್ತಾ ಒಂದೂವರೆ ಆಯ್ತು. ಉಳಿದ ಸಿನಿಮಾನ ಅಮ್ಮನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಒಬ್ಬಳೇ ನೋಡಿದೆ. ಕರ್ಚೀಫ್ ಸಾಲಲಿಲ್ಲ, ಗೆಳತಿ ಹೇಳಿದ್ದು ಸರಿ.

ಮಾರನೇ ದಿನ ಅಮ್ಮನೇ ಫೋನ್ ಮಾಡಿ ಕೇಳಿದಳು: ‘ಆ ಹುಡುಗ ಉಳ್ಕೊಂಡ್ನಾ?’

‘ಇಲ್ಲಮ್ಮ.’

‘ಅವನ ಅಮ್ಮ?’

ಸಿನಿಮಾದಲ್ಲಿ ಅವಳ ಕಥೆ ಹೆಚ್ಚೇನೂ ಇಲ್ಲ ಅಂದೆ.